ಮಜ್ಜಿಗಿ ತಣ್ಣಗಾದ ಮ್ಯಾಲ

ಮಜ್ಜಿಗೆ ಕಡೆಯುತ್ತಿದ್ದೆ. ಗೋಕಾಕದ ಫ್ರಿಜ್ ಮಿಸ್ತ್ರಿ ಕಾಕಾ ತೀರಿಕೊಂಡ ಸುದ್ದಿಯನ್ನು ನಮ್ಮವರು ತಂದರು.

ಹೋದ ವರ್ಷ ಪಂಢರಪುರಕ್ಕೆ ಹೊರಡುವ ಹಿಂದಿನ ದಿನ, ನಮ್ಮ ಯಾತ್ರೆಯ ವ್ಯಾನಿನಲ್ಲಿದ್ದ, ಸಿಲಿಂಡರ್ ಗ್ಯಾಸಿನಿಂದ ನಡೆಯುವ ಫ್ರಿಜ್ ತಂಪಾಗುವುದನ್ನೇ ಬಿಟ್ಟಿತು. ತಮ್ಮ ಇನ್ಸುಲಿನ್ ಇಡಲು ಬೇರೆ ದಾರಿಯಿಲ್ಲವೆಂದು ಅತ್ತೆ ಯಾತ್ರೆಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದರು.

ಕಾಕಾ ಬಂದು, ಜ್ವರ ನೋಡುವಂತೆ ಫ್ರಿಜ್ಜಿನ ಬೆನ್ನಿಗೆ ಅಂಗೈ ಇಟ್ಟರು. ಗ್ಯಾಸಿನ ಭಾಗ ತೆಗೆದು, ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಕೂಡಿಸಿದರು. ಚಹಾ ಮುಟ್ಟಲಿಲ್ಲ. ಯಾರ ಮನೆಗೆ ಹೋದರೂ ಅವರದು ಒಂದೇ ಮಾತು: "ಒಂದು ವಾಟಗಾ ಮಜ್ಜಿಗಿ ಒಳಗಿಡ್ರಿ ಅಕ್ಕಾರ. ತಣ್ಣಗಾದ್ರ ಕುಡಿತೀನಿ."

"ಆಗಲಿಲ್ಲಂದ್ರ?" ಅತ್ತೆ ಕೆಣಕಿದರು.

"ಉಪಾಸ ಹೋಗ್ತೀನ್ರಿ ಆಯಿ."

ಇಳಿಹೊತ್ತಿಗೆ ತಣ್ಣಗಾದ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. ಅತ್ತೆ ಮತ್ತೆ ಗಂಟು ಕಟ್ಟಿದರು. ಪಾಂಡುರಂಗ ದರ್ಶನ ಕೊಟ್ಟ.

ಇವತ್ತು ಮೊದಲ ವಾಟಗಾ ಮಜ್ಜಿಗೆಯನ್ನು ಆ ಫ್ರಿಜ್ಜಿನಲ್ಲಿಟ್ಟು ಬಂದು, ರೊಟ್ಟಿ ಬಡಿಯಲು ಕುಳಿತೆ.