ಸಾಲ್ಮನ್ ಹಿಡಿಯಲು ಹೊರಟ ಪಕ್ಕದ ಮನೆಯ ಅಕ್ಕ

ಕಳೆದ ಗುರುವಾರ ಸೂಪರ್ ಮಾರ್ಕೆಟ್ಟಿನ ಮೀನಿನ ಕೌಂಟರಿನಲ್ಲಿ ಐಸಿನ ಮೇಲೆ ಸಾಲ್ಮನ್ ತುಂಡುಗಳನ್ನು ಸಾಲಾಗಿ ಇಟ್ಟಿದ್ದರು. ಕಿತ್ತಳೆ ಬಣ್ಣ, ನಡುನಡುವೆ ಬಿಳಿ ಗೆರೆ. ನಾನು ಬಗ್ಗಿ ಮೂಸಿದೆ. ಮಲ್ಪೆಯಲ್ಲಿ ಹುಟ್ಟಿ ಬೆಳೆದವಳು, ಮೂಸದೆ ಮೀನು ತೆಗೆದುಕೊಂಡು ಗೊತ್ತಿಲ್ಲ. ಬಂಗುಡೆ, ಅಂಜಲಿನ ಹಾಗೆ ಮೂಗಿಗೆ ಹೊಡೆಯಲಿಲ್ಲ. ಸೌತೆಕಾಯಿ ಹೆಚ್ಚಿದಾಗ ಬರುತ್ತದಲ್ಲ, ಅಂಥ ತಣ್ಣಗಿನ ವಾಸನೆ. ಕೌಂಟರಿನವನು "ಚಾಹಿಯೇ, ಮೇಡಂ? ಬಹುತ್ ಅಚ್ಛಾ ಹೈ" ಎಂದ. ಒಳ್ಳೆಯದೇ ಇರಬಹುದು ಮಾರಾಯ, ಆದರೆ ಈ ಮೀನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ ಅಂತ ನಿನಗೆ ಯಾವ ಭಾಷೆಯಲ್ಲಿ ಹೇಳಲಿ? ಬೇಡ ಎಂದು ಕೈಯಾಡಿಸಿ ತರಕಾರಿಯ ಕಡೆ ಹೋದೆ.

ಈ ಉರಿಗೆಲ್ಲ ಮೂಲ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ.

ಸೌದಿಯ ಅಲ್ ಖಫ್ಜಿಯ ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರು ಉಡುಪಿಯವರು, ಮೊಟ್ಟೆಯನ್ನೂ ಮುಟ್ಟದ ಮನೆತನ. ನಾನು ಮೀನು ಹುರಿಯುವ ದಿನ ಅವರ ಅಡುಗೆಮನೆಯ ಕಿಟಕಿ ಟಪ್ ಎಂದು ಮುಚ್ಚುವ ಸದ್ದು ಕೇಳುತ್ತಿತ್ತು. ಹಾಗಂತ ಮುಖ ಗಂಟಿಕ್ಕಿದವರಲ್ಲ. ಸಂಜೆ ಅವರೇ ಬಂದು, ಕೆಸುವಿನೆಲೆ ಸಿಗದ ಈ ಊರಿನಲ್ಲಿ ಪಾಲಕಿನ ಎಲೆಯಲ್ಲಿ ಮಾಡಿದ ಪತ್ರೊಡೆ ಕೊಟ್ಟು ಹೋಗುತ್ತಿದ್ದರು. "ನಿನ್ನ ಮೀನಿನ ಪರಿಮಳಕ್ಕೆ ನನ್ನ ದೇವರು ಎದ್ದು ಓಡಿದ್ರು ಮಾರಾಯ್ತಿ" ಎಂದು ನಗುತ್ತಿದ್ದರು. ಆ ನಗು... ಬಾಯಿ ತುಂಬ ನಗುತ್ತಿದ್ದರು ಅಕ್ಕ.

ಇನ್ನು ನನ್ನ ಕಥೆ. ಅಪ್ಪ ದೋಣಿಗೆ ಹೋಗುತ್ತಿದ್ದವರು. ಸಣ್ಣವಳಿದ್ದಾಗ ಅವರ ಜೊತೆ ಕಡಲಿನ ಬಂಡೆಯ ಮೇಲೆ ಕೂತು ನಾನೂ ಗಾಳ ಹಾಕುತ್ತಿದ್ದೆ. ದಾರ ಬೆರಳಿಗೆ ಸುತ್ತಿಕೊಂಡು ಕಾಯುವುದು, ಅದು ಚುಟುಕ್ ಎಂದ ಕೂಡಲೇ ಎಳೆಯುವುದು, ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ. ದೊಡ್ಡವಳಾದೆ, ಅದು ಅಲ್ಲಿಗೆ ನಿಂತಿತು. ಗಂಡುಮಕ್ಕಳು ಕಡಲಿಗೆ, ಹೆಣ್ಣುಮಕ್ಕಳು ಮಾರ್ಕೆಟ್ಟಿಗೆ. ನನ್ನ ಗಾಳ ತಮ್ಮನ ಪಾಲಾಯಿತು; ಅಮ್ಮನ ಬುಟ್ಟಿಯ ಪಕ್ಕ ಕೂತು ನಾನು ಅವನು ಹೋಗುವುದನ್ನು ನೋಡಿದೆ. ಹೊಟ್ಟೆಕಿಚ್ಚಿನ ಅಭ್ಯಾಸ ನನಗೆ ಹಳೆಯದು.

ಅಕ್ಕನ ಯಜಮಾನರನ್ನು ನಾನು ಭಾವ ಎನ್ನುತ್ತಿದ್ದೆ. ಭಾವನ ಆಫೀಸಿನಲ್ಲಿ ಸ್ಕಾಟ್ಲೆಂಡಿನ ಒಬ್ಬ ಸಾಹೇಬರಿದ್ದರು. ಸಾಹೇಬರ ಹೆಂಡತಿಗೆ ನಾವೆಲ್ಲ ಮೇಡಂ ಎನ್ನುವುದು. ಆಯಮ್ಮ ಸಂಜೆಯಾದರೆ ಕಡಲ ತೀರದಲ್ಲಿ ಗಾಳದ ರಾಡ್ ಹಿಡಿದು ನಿಲ್ಲುತ್ತಿದ್ದರು, ಅಕ್ಕ ಅವರಿಗೆ ವಾಕಿಂಗಿನ ಜೊತೆ. ಒಂದು ದಿನ ಮೇಡಂ ತಮಾಷೆಗೆ ರಾಡನ್ನು ಅಕ್ಕನ ಕೈಗೆ ಕೊಟ್ಟರಂತೆ. ಅಕ್ಕ ಬೀಸಿದ ದಾರ ಗಾಳಿಯಲ್ಲಿ ಹಾರಿ ದೂರ ಹೋಗಿ ಬಿತ್ತಂತೆ. ಅಷ್ಟೇ, ಮರುಳು ಹಿಡಿಯಿತು. ಸಾಹೇಬರು ನಿವೃತ್ತರಾಗಿ ದಂಪತಿ ಊರಿಗೆ ಹೋದ ಮೇಲೆ ಅಲ್ಲಿಂದ ಮೇಡಂ ಫೋನ್ ಮಾಡಿದರು: ಜುಲೈಯಲ್ಲಿ ನಮ್ಮ ನದಿಯಲ್ಲಿ ಸಾಲ್ಮನ್ ಹಿಡಿಯಲು ಒಂದು ವಾರದ ಪರವಾನಗಿ ಸಿಕ್ಕಿದೆ, ನೀನು ಬಾ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬಾ.

ಅಕ್ಕ ಈ ಸುದ್ದಿ ಹೇಳಿದಾಗ ನಾನು ಬೂತಾಯಿ ಮೀನು ತೊಳೆಯುತ್ತಿದ್ದೆ. ಕೈಯಲ್ಲಿದ್ದದ್ದು ಹಾಗೇ ಉಳಿಯಿತು.

"ನೀವು ಮೀನು ಹಿಡಿಯುದಾ ಅಕ್ಕ?"

"ಹಿಡಿದು ವಾಪಸ್ ಬಿಡುದು ಮಾರಾಯ್ತಿ! ಆ ನದಿಯಲ್ಲಿ ಹಾಗೇ ರೂಲ್ಸ್ ಅಂತೆ. ಕೊಲ್ಲಲಿಕ್ಕಿಲ್ಲ, ತಿನ್ನಲಿಕ್ಕಿಲ್ಲ. ನಮ್ಮಂಥವರಿಗೇ ಹೇಳಿ ಮಾಡಿಸಿದ ಹಾಗುಂಟು."

ನೋಡಿ, ನ್ಯಾಯವಾ ಇದು? ಮೀನಿನ ಹೆಸರೆತ್ತಿದರೆ ಕಿಟಕಿ ಮುಚ್ಚುವವರಿಗೆ ಸ್ಕಾಟ್ಲೆಂಡಿನ ನದಿ, ಮೀನಿನ ನಡುವೆಯೇ ಹುಟ್ಟಿದವಳಿಗೆ ಅಡುಗೆಮನೆಯ ಸಿಂಕು! ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೆ ಆ "ಜೊತೆಗೆ ಒಬ್ಬರು" ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಭಾವನಿಗೆ ಏಸಿಯ ತಂಪೇ ಆಗುವುದಿಲ್ಲ, ಮಫ್ಲರ್ ಸುತ್ತಿಕೊಂಡು ಮಲಗುವ ಜನ. ಅವರು ಆ ಚಳಿಗೆ ಹೋಗಿ ನದಿಯಲ್ಲಿ ನಿಲ್ಲುವುದುಂಟೇ? ಮತ್ತೆ ಅಕ್ಕ ಯಾರನ್ನು ಕರೆದಾರು? ನಾನೇ ಎಂದು ಗಟ್ಟಿ ಮಾಡಿಕೊಂಡೆ. ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಯಾವಾಗ ಮುಗಿಯುತ್ತದೆ ಎಂದೂ ನೋಡಿಟ್ಟೆ.

ರಾಡ್ ಆರಿಸುವ ಕೆಲಸ ನನ್ನ ತಲೆಗೆ ಬಂತು. ಇಲ್ಲೇ ಭಟ್ಕಳದವರೊಬ್ಬರ ಅಂಗಡಿಯಲ್ಲಿ ಗಾಳದ ಸಾಮಾನು ಸಿಗುತ್ತಿತ್ತು. ನಾನು ಕಡಲಿನವಳ ಬುದ್ಧಿಯಲ್ಲಿ ಅಲ್ಲಿದ್ದದ್ದರಲ್ಲೇ ಗಟ್ಟಿ ರಾಡ್, ದೊಡ್ಡ ರೀಲ್, ದಪ್ಪ ನೈಲಾನ್ ದಾರ ಆರಿಸಿದೆ. "ಹಮೂರ್ ಮೀನು ಎಳೀಲಿಕ್ಕಾ?" ಎಂದು ಅಂಗಡಿಯವರು ಕೇಳಿದರು. ಅದಕ್ಕಿಂತ ದೊಡ್ಡದಕ್ಕೆ ಎಂದೆ, ಜಂಬದಿಂದ. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ, ದಾರದ ತುದಿಗೆ ಬರೀ ತೂಕ ಕಟ್ಟಿ ಅಕ್ಕ ಬೀಸಲು ಕಲಿತರು. ಒಂದು ವಾರಕ್ಕೆ ಮಣಿಕಟ್ಟು ಇಡ್ಲಿಯಂತೆ ಊದಿತು. ವಿಡಿಯೋ ಕಾಲಿನಲ್ಲಿ ರಾಡ್ ನೋಡಿದ ಮೇಡಂ ನಕ್ಕೂ ನಕ್ಕೂ ಸಾಕಾದರು. ನದಿಯಲ್ಲಿ ದಿನವಿಡೀ ಬೀಸುತ್ತಲೇ ಇರಬೇಕು, ಹಗುರವಾದದ್ದು ಬೇಕು, ಇದು ದೋಣಿ ಎಳೆಯಲು ಸರಿ ಎಂದರಂತೆ. ಆಯಮ್ಮ ನಕ್ಕದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಸರಿಯಾದದ್ದು ತರಲು ದೂರದ ಅಲ್ ಖೋಬರ್ ಪೇಟೆಗೆ ಹೋಗಬೇಕಾಯಿತು. ಅಕ್ಕ ಬಾಗಿಲಿಗೆ ಬಂದು ಮೊದಲು ನಮ್ಮವರನ್ನು ಕೇಳಿದರು: "ಇವಳನ್ನು ಖೋಬರಿಗೆ ಕರ್ಕೊಂಡು ಹೋಗ್ಲಾ?" ನಮ್ಮವರು ತಲೆಯಾಡಿಸಿದ ಮೇಲೆಯೇ ನನ್ನ ಕಡೆ ತಿರುಗಿದ್ದು. ನಮ್ಮ ಬಳಗದಲ್ಲಿ ಕ್ರಮವೇ ಹಾಗೆ. ಹೆಂಗಸನ್ನು ಎಲ್ಲಿಗೆ ಕರೆಯುವುದಿದ್ದರೂ ಮೊದಲು ಅವಳ ಗಂಡನನ್ನು ಕೇಳುವುದು ಮರ್ಯಾದೆ. ನಾನೂ ಹಾಗೇ ಕೇಳಿದವಳು, ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ.

ಖೋಬರಿನ ಅಂಗಡಿಯಲ್ಲಿ ಒಂಬತ್ತು ಅಡಿಯ, ಎರಡು ತುಂಡಾಗಿ ಬಿಚ್ಚುವ ಸ್ಪಿನ್ನಿಂಗ್ ರಾಡ್ ಸಿಕ್ಕಿತು. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ತುದಿ ಮಾತ್ರ ನಡುಗುತ್ತದೆ, ಬುಡ ಗಟ್ಟಿಯಾಗಿ ನಿಲ್ಲುತ್ತದೆ. ಮಧ್ಯಮ ಗಾತ್ರದ ರೀಲ್, ತೆಳ್ಳಗೆ ಹೆಣೆದ ದಾರ, ಅದರ ತುದಿಗೆ ನೀರಿನಲ್ಲಿ ಕಾಣದಂಥ ಪಾರದರ್ಶಕ ದಾರದ ತುಂಡು, ಬೆಳ್ಳಿ ಬಣ್ಣದ, ತಾಮ್ರ ಬಣ್ಣದ ಸ್ಪೂನುಗಳು. ಹಿಡಿ ಮುರಿದ ಚಮಚದಂತಿರುವ ಆ ತಗಡು ನೀರಿನಲ್ಲಿ ಹೊರಳುತ್ತ ಬಂದರೆ ಸಾಲ್ಮನ್ ಹೊಡೆಯುತ್ತದಂತೆ. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟನ್ನೂ ತಂದೆವು. ಮನೆಗೆ ಬಂದು ಅಕ್ಕ ಅದನ್ನು ಸಲ್ವಾರಿನ ಮೇಲೆಯೇ ಹಾಕಿಕೊಂಡು ಹಾಲಿನಲ್ಲಿ ನಡೆದರು. ಹೊರಗೆ ಕುದಿಯುವ ಬಿಸಿಲು, ಒಳಗೆ ಇವರ ಸ್ಕಾಟ್ಲೆಂಡ್! ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಆಮೇಲೆ ಅವರು ಅದನ್ನು ನನಗೂ ಹಾಕಿಸಿ, ಹಿಂದೆ ಸರಿದು ನೋಡಿ, "ನಿನಗೇ ಸರಿಯಾಗ್ತದಲ್ವಾ" ಎಂದರು. ಆ ಸಂಜೆಯೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಸ್ಪೂನಿನ ಗಾಳಗಳಿಗೆ ಇನ್ನೊಂದು ಕೆಲಸವಿತ್ತು. ಗಾಳದ ತುದಿಯಲ್ಲಿ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ, ಕಚ್ಚಿದ ಮೀನು ಜಾರಬಾರದೆಂದು. ವಾಪಸ್ ಬಿಡುವ ಮೀನಿಗೆ ಗಾಯವಾಗಬಾರದಲ್ಲ, ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕಂತೆ. ಮಾಡಿದವಳು ನಾನೇ. ಅಪ್ಪ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತು ಅಕ್ಕ, ಮೇಡಂ ಹೇಳಿದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಸಾಲ್ಮನ್ ಕಡಲಿನಿಂದ ನದಿಗೆ ಹತ್ತಿದ ಮೇಲೆ ಏನೂ ತಿನ್ನುವುದಿಲ್ಲವಂತೆ, ಪೂರಾ ಉಪವಾಸ.

"ಮತ್ತೆ ಸ್ಪೂನಿಗೆ ಎಂತಕ್ಕೆ ಬಾಯಿ ಹಾಕುದು?" ಎಂದೆ.

"ಸಿಟ್ಟಿಗಂತೆ. ತನ್ನ ಜಾಗಕ್ಕೆ ಇನ್ನೊಬ್ಬರು ಬಂದರೆ ಆಗುದಿಲ್ಲವಂತೆ ಅದಕ್ಕೆ."

ಆ ಮೀನಿನ ಮೇಲೆ ನನಗೆ ಪ್ರೀತಿ ಬಂತು.

ಕಡಲ ತೀರದಲ್ಲಿ ಹೊಸ ರಾಡಿನಿಂದ ಅಭ್ಯಾಸ ಮಾಡುವಾಗ ಗಾಳಿಗೆ ಅಕ್ಕನ ಅಬಾಯಾ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಬೀಸುವಾಗ ಬೆರಳನ್ನು ಯಾವಾಗ ಬಿಡಬೇಕು ಎಂದು ಕೈ ಹಿಡಿದು ಕಲಿಸಿದೆ. ಒಂದು ಸಂಜೆ ಒಳ್ಳೆಯ ಶೇರಿ ಮೀನೊಂದು ಬಿತ್ತು. "ಅಯ್ಯೋ, ಹಿಡಿ! ನನಗೆ ಮುಟ್ಲಿಕ್ಕಾಗುದಿಲ್ಲ!" ಎಂದು ಅಕ್ಕ ಕುಣಿದರು. ಬಿಡಿಸಿದೆ. ಎರಡು ಹೊತ್ತಿನ ಸಾರಿಗಾಗುವಷ್ಟಿತ್ತು. "ಬಿಡು, ಬಿಡು, ಪಾಪ" ಎಂದರು. ಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ಬೇಜಾರು. ಆದರೆ ಆ ದಿನ ಅನಿಸಿದ್ದು ಬೇರೆ: ಮುಟ್ಟಲಾಗದವರು ಅಲ್ಲಿ ಸಾಲ್ಮನ್ ಬಿದ್ದರೆ ಏನು ಮಾಡುತ್ತಾರೆ? ನಾನು ಬೇಕೇ ಬೇಕಲ್ಲ!

ಆಮೇಲೆ ದಿನಗಳು ಹೋದವು, ಅಕ್ಕ ಬಾಯಿ ಬಿಡಲಿಲ್ಲ. ಒಮ್ಮೆ ಬಾಗಿಲಲ್ಲಿ ನಿಂತು ಏನೋ ಹೇಳಹೊರಟವರು, ಕರಿಬೇವು ಉಂಟಾ ಎಂದು ಕೇಳಿಕೊಂಡು ಹೋದರು. ಕೊನೆಗೆ ಒಂದು ಸಂಜೆ ನನ್ನ ಮುಖ ನೋಡದೆ ಹೇಳಿದರು, "ಇವರೇ ಬರ್ತಾರಂತೆ."

"ಭಾವನಾ? ಒಳ್ಳೇದಾಯ್ತು" ಎಂದೆ. ಎಷ್ಟು ಚಂದ ಹೇಳಿದೆ ಎಂದರೆ ನನಗೇ ಆಶ್ಚರ್ಯ. ಒಳಗೆ ಹೋಗಿ ಪಾತ್ರೆಗಳನ್ನು ಬಡಿದೂ ಬಡಿದೂ ತೊಳೆದೆ. ಇಷ್ಟು ಕಾಲ ನನ್ನನ್ನು ದುಡಿಸಿಕೊಂಡು, ಮಫ್ಲರಿನ ಗಂಡನನ್ನು ಕರೆದುಕೊಂಡು ಹೊರಟರಲ್ಲ! ನಾನು ಮೇಡಮ್ಮಿನ ಮುಂದೆ ಕೂರಿಸಲು ಯೋಗ್ಯಳಲ್ಲವೋ, ಇಂಗ್ಲಿಷ್ ಬಾರದವಳೋ, ಮೀನು ಮಾರುವವರ ಮಗಳೋ... ಏನೆಲ್ಲ ಯೋಚಿಸಿದೆ ಎಂದು ಹೇಳಿ ಪೂರೈಸದು.

ಆ ಜುಲೈಯಲ್ಲಿ ನಮ್ಮವರಿಗೆ ರಜೆ ಸಿಗದೆ ನಾವು ಊರಿಗೂ ಹೋಗಲಿಲ್ಲ. ಮಕ್ಕಳಿಗೆ ಶಾಲೆಯಿಲ್ಲ, ಹೊರಗೆ ಕಾಲಿಡಲಾಗದ ಸೆಕೆ. ನಾನು ಏಸಿಯ ಕೆಳಗೆ ಕೂತು, ಅಕ್ಕ ಈಗ ನೀರಿನಲ್ಲಿ ನಿಂತಿರಬಹುದು, ಈಗ ಬೀಸಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಒಂದೂ ಬೀಳದಿರಲಿ ಎಂದು ಹಾರೈಸಿದ್ದೂ ಹೌದು.

ಬಿದ್ದಿತ್ತು. ಬಂದ ಮೇಲೆ ಫೋಟೋ ತೋರಿಸಿದರು. ಮಳೆ, ಕಪ್ಪು ನೀರು, ಸೊಂಟದವರೆಗೆ ಇಳಿದ ಅಕ್ಕ. ಮಗುವನ್ನು ಸ್ನಾನ ಮಾಡಿಸುವಾಗ ಹಿಡಿಯುತ್ತಾರಲ್ಲ, ಹಾಗೆ ಬರಿಗೈಯಲ್ಲಿ, ನೀರಿನಲ್ಲೇ ಆ ಬೆಳ್ಳಿಯ ಮೀನನ್ನು ಹಿಡಿದಿದ್ದರು. ಮುಟ್ಟಲಾಗದವರು! "ಹೇಗೆ ಮುಟ್ಟಿದ್ರಿ?" ಎಂದೆ. "ಗೊತ್ತಿಲ್ಲ ಮಾರಾಯ್ತಿ. ನೀನಿರ್ಲಿಲ್ಲಲ್ಲ" ಎಂದರು. ನನ್ನನ್ನು ಚುಚ್ಚಿದ ಹಾಗೆ ಕೇಳಿಸಿತು. ಫೋನನ್ನು ತಿರುಗಿ ಕೊಟ್ಟೆ. ಆ ನದಿಯ ಸುದ್ದಿ ಅವರು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪತ್ರೊಡೆ ಬರುತ್ತಿತ್ತು, ನಗುವೂ ಇತ್ತು, ಆದರೆ ನಾನು ಮೊದಲಿನವಳಾಗಿರಲಿಲ್ಲ. ಭಾವನ ಕೆಲಸ ಮುಗಿದು ಅವರು ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರಿಗೆ ಹೋದ ದಿನವೂ ಆ ಉರಿ ಪೂರ್ತಿ ಆರಿರಲಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಒಂದು ಜ್ವರ, ಆಸ್ಪತ್ರೆ, ಆಮೇಲೆ... ನಮಗೆ ಸುದ್ದಿ ಬರುವಾಗ ಎಲ್ಲ ಮುಗಿದಿತ್ತು. ಅವತ್ತು ಭಾವನ ಜೊತೆ ನಮ್ಮವರೇ ಮಾತಾಡಿದರು, ನನ್ನಿಂದ ಆಗಲಿಲ್ಲ.

ಗುರುವಾರ ಸೂಪರ್ ಮಾರ್ಕೆಟ್ಟಿನಿಂದ ಬಂದವಳು, ಸಾಮಾನಿನ ಚೀಲ ಬಿಚ್ಚುವ ಮೊದಲೇ ಭಾವನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಸಾಲ್ಮನ್ ಕಂಡೆ, ಅಕ್ಕನ ನೆನಪಾಯಿತು ಎಂದೆ. ಭಾವ ಹೇಳಿದರು, "ಅವಳಿಗೆ ನಿಮ್ಮನ್ನೇ ಕರ್ಕೊಂಡು ಹೋಗ್ಬೇಕಂತ ಇತ್ತು. ನಾನು ಆ ಚಳಿಯಲ್ಲಿ ಕಾರಿನಿಂದ ಇಳೀಲೇ ಇಲ್ಲ. ಎಂತ ಮಾಡುದು, ನಿಮ್ಮವರು ಆಗುದಿಲ್ಲ ಅಂದ್ರಲ್ಲ."

"ನಮ್ಮವರಾ?"

"ಹೌದಲ್ಲ, ಅವಳು ಕೇಳಿದ್ದಳಲ್ಲ. ನಿಮಗೆ ಗೊತ್ತಿಲ್ವಾ?" ಭಾವನ ದನಿ ತಗ್ಗಿತು. "ಹೇಳ್ಲಿಲ್ಲ ಹಾಗಾದ್ರೆ. ನನಗೂ ಅವಳು ಹೇಳ್ಬೇಡಿ ಅಂದಿದ್ದಳು. ಗಂಡಹೆಂಡತಿ ನಡುವೆ ಸುಮ್ಮನೆ ಬೆಂಕಿ ಎಂತಕ್ಕೆ, ನನ್ನ ಮೇಲೆಯೇ ಸಿಟ್ಟು ಮಾಡಿಕೊಳ್ಳಲಿ ಅಂತಿದ್ದಳು."

ಫೋನ್ ಇಟ್ಟೆ. ನಮ್ಮವರು ಹಾಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಟಿವಿಗೆ ಅಡ್ಡ ನಿಂತು ಕೇಳಿದೆ, ಅಕ್ಕ ನನ್ನನ್ನು ಸ್ಕಾಟ್ಲೆಂಡಿಗೆ ಕರೆದದ್ದು ಹೌದಾ ಎಂದು.

"ಹೌದು, ಕೇಳಿದ್ರು ಒಮ್ಮೆ" ಎಂದರು. "ನಾನೇ ಬೇಡ ಅಂದೆ. ಆಗ ಮಕ್ಕಳಿಗೆ ಪರೀಕ್ಷೆ ಇತ್ತಲ್ಲ?"

"ಜುಲೈಯಲ್ಲಿ ಎಂಥ ಪರೀಕ್ಷೆ? ರಜೆ."

ಅವರು ನಿಜಕ್ಕೂ ಯೋಚಿಸಿದರು. ತಲೆ ಕೆರೆದುಕೊಂಡರು. "ಹೌದನಾ? ಹಾಗಾದ್ರೆ ಬೇರೆ ಎಂತದೋ ಇತ್ತು" ಎಂದು, ಟಿವಿ ಕಾಣಲೆಂದು ಸ್ವಲ್ಪ ಪಕ್ಕಕ್ಕೆ ವಾಲಿದರು.

ನಾನು ಅಡುಗೆಮನೆಗೆ ಬಂದೆ. ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ, ನಾನು ಏನು ಹುರಿದರೂ ಕಿಟಕಿ ಮುಚ್ಚುವುದಿಲ್ಲ. ಹೇಳಬಾರದಿತ್ತೇ ಅಕ್ಕ? ನಮ್ಮ ಮನೆಗೆ ಬೆಂಕಿ ಬಿದ್ದರೆ ಬೀಳುತ್ತಿತ್ತು. ಜಗಳ ಮಾಡಿಯಾದರೂ ಬರುತ್ತಿದ್ದೆ ನಾನು, ನಿಮ್ಮ ಜೊತೆ.