ಇಪ್ಪತ್ಮೂರು ಡಿಗ್ರಿ

ಮಾಲು ಅಂತ ನೋಡಿದರೆ, ಬಾಯ್ಲರ್ ರಿಪೇರಿಗೆ ಬಂದ ಶರಣಬಸವ ತುಸು ಸವೆದ ಮಾಲು. ಮೊಣಕಾಲು ಹರಿದ ಪ್ಯಾಂಟು, ಹಿಮ್ಮಡಿ ತೇದ ಬೂಟು, ಐವತ್ತು ದಾಟಿದ ಮುಖ. ತೆರೆದ ಚೀಲದೊಳಗೆ ಮಾತ್ರ ಪಾನಾ, ಸ್ಕ್ರೂಡ್ರೈವರುಗಳು ಒರೆಸಿ ಸಾಲಾಗಿ ಕೂತಿದ್ದವು. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದ ಅಮೃತಪ್ಪ ತನ್ನ ಮನೆಯ ಬಾಗಿಲಲ್ಲೇ ನಿಂತು ಅಳೆದ: ಚೀಲ ಹಳೇದು, ಕಾಳು ಪರವಾಗಿಲ್ಲ.

"ಯಾವೂರ್ರಿ?"

"ಕಲಬುರಗಿ."

"ಕಲಬುರಗಿಯಂವ ಲಂಡನ್ನಿಗೆ ಬಂದು ಬಿಸಿ ಮಾರತೀರೇನು?"

"ಊರಾಗ ಪುಕ್ಕಟೆ ಸಿಗತಿತ್ರಿ. ಅದಕ್ಕ ಅಲ್ಲಿ ಯಾರೂ ಕೇಳಂಗಿಲ್ಲ."

ನಗು ಬರಬೇಕಾದ ಮಾತು. ಆದರೆ ಆ ಜನವರಿಯಲ್ಲಿ ಅಮೃತಪ್ಪನ ಮನೆಯಲ್ಲಿ ನಗು ತೀರಿಹೋಗಿತ್ತು. ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲವೆಂದು ಶಿವಕ್ಕನನ್ನು ಮನೆಗೆ ಕಳಿಸಿದ್ದರು. ಮೆಟ್ಟಿಲು ಹತ್ತಲಾಗದ ಹೆಂಡತಿಗೆ ಅವನು ಕೆಳಗಿನ ಹಿಂದಿನ ಕೋಣೆಯಲ್ಲಿ ಮಂಚ ಹಾಕಿದ್ದ. ಇರುವಷ್ಟು ದಿನ ಬೆಚ್ಚಗಿರಲಿ, ಇಪ್ಪತ್ತೊಂದು ಡಿಗ್ರಿ ಸಾಕು ಎಂದಿದ್ದಳು ನರ್ಸು. ಉಳಿದಿದ್ದದ್ದು ಅದೊಂದೇ ಕೆಲಸ, ಅದೂ ಆಗುತ್ತಿರಲಿಲ್ಲ. ಮೂರು ಕಂಬಳಿ ಹೊದಿಸಿದರೂ ಶಿವಕ್ಕನ ಪಾದ ಕಲ್ಲಿನಂತೆ ತಣ್ಣಗಿರುತ್ತಿದ್ದವು.

ಬಾಗಿಲ ಪಕ್ಕದ ಗೋಡೆಯಲ್ಲಿ ಮನೆಯ ಬಿಸಿ ಅಳೆಯುವ ಥರ್ಮೋಸ್ಟಾಟ್ ನೋಡಿದರೆ ಇಪ್ಪತ್ಮೂರು. ಜೀವಮಾನವಿಡೀ ತಕ್ಕಡಿಯ ಮುಳ್ಳನ್ನು ನಂಬಿದವನು ಈ ಅಂಕಿಯನ್ನೂ ನಂಬಿದ. ಬಿಸಿ ಇದೆ, ಹಿಂದಿನ ಕೋಣೆಗೆ ಮುಟ್ಟುತ್ತಿಲ್ಲ, ಅಂದಮೇಲೆ ಬಾಯ್ಲರಿನ ಬಿಸಿನೀರನ್ನು ಕೋಣೆ ಕೋಣೆಯ ಕೊಳವೆಗೆ ತಳ್ಳುವ ಪಂಪಿನದೇ ತಪ್ಪು ಎಂದು ತೀರ್ಮಾನಿಸಿ ಯಾರನ್ನೋ ಕರೆಸಿ ಹೊಸ ಪಂಪು ಹಾಕಿಸಿದ. ಏನೂ ಬದಲಾಗಲಿಲ್ಲ. ಹೀಗೇ ಹತ್ತೊಂಬತ್ತು ದಿನ.

ಶರಣಬಸವ ಈ ಊರಿಗೆ ಬಂದು ಇಪ್ಪತ್ತು ವರ್ಷ. ಸೌತ್‌ಹಾಲ್‌ನ ಒಬ್ಬ ಸರ್ದಾರ್ಜಿಯ ಕೈಕೆಳಗೆ ಪೈಪು ಹೊತ್ತು ಕೆಲಸ ಕಲಿತವನು. ಗ್ಯಾಸ್ ಕೆಲಸದ ಪರವಾನಗಿ ಪರೀಕ್ಷೆಯಲ್ಲಿ ಎರಡು ಸಲ ಬಿದ್ದದ್ದು ಕೆಲಸ ಬಾರದೆ ಅಲ್ಲ, ಇಂಗ್ಲಿಷ್ ಬಾರದೆ. ಒಂಟಿ ಕೋಣೆ, ಒಂಟಿ ಊಟ. ಊರನ್ನೆಲ್ಲ ಬೆಚ್ಚಗೆ ಮಾಡಿ ತನ್ನ ಕೋಣೆಯಲ್ಲಿ ಕೋಟು ತೊಟ್ಟು ಮಲಗುವ ಜಾತಿ.

ಅವನು ಬಾಯ್ಲರಿನ ಮುಂದೆ ಕೂತು ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗಿಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿದ.

"ಸತ್ತದೇನು?" ಅಮೃತಪ್ಪ ಕೇಳಿದ.

"ಇಲ್ರಿ. ಸುಮ್ನ ಕುಂತದ. ಪಂಪಿಗೆ ಸ್ವಂತ ಬುದ್ಧಿ ಇಲ್ಲ. ಮನಿ ತಣ್ಣಗದ ಅಂತ ಗೋಡಿ ಮ್ಯಾಲಿನಂವ ಹೇಳಬೇಕು, ಆಗ ಬಾಯ್ಲರ್ ಹತ್ತತದ, ಇದು ಓಡತದ. ಅಂವಾ ಮನಿ ಬೆಚ್ಚಗದ ಅಂತ ಕುಂತಾನ. ಎಲ್ಲದಾನ ಅಂವಾ?"

ಅಮೃತಪ್ಪ ಬಾಗಿಲ ಬಳಿ ಕರೆದೊಯ್ದ. ಥರ್ಮೋಸ್ಟಾಟಿನ ಕೆಳಗೇ, ಒಂದು ಗೇಣು ಅಂತರದಲ್ಲಿ, ದೇವರ ಹಲಗೆ. ಹಲಗೆಯ ಮೇಲೆ ಐದು ಬತ್ತಿಯ ದೀಪ. ಶಿವಕ್ಕ ಮನೆಗೆ ಬಂದ ದಿನ, ಅವಳು ಉಳಿಯಲಿ ಎಂದು ಹರಕೆ ಹೊತ್ತು ಹಚ್ಚಿದ್ದು. ಅಂದಿನಿಂದ ಆರಿಲ್ಲ, ಆರಲು ಅಮೃತಪ್ಪ ಬಿಟ್ಟಿಲ್ಲ.

ಶರಣಬಸವ ದೀಪಕ್ಕೂ ಥರ್ಮೋಸ್ಟಾಟಿಗೂ ನಡುವೆ ಅಂಗೈ ಚಾಚಿದ. ಚಾಚಿ, ಹಾಗೇ ನಿಂತ. ಅಮೃತಪ್ಪನೂ ಪಕ್ಕದಲ್ಲಿ ಅಂಗೈ ಚಾಚಿದ: ಆ ಇಪ್ಪತ್ಮೂರು ದೀಪದ ಬಿಸಿ, ಮನೆಯದಲ್ಲ.

ಹಿಂದಿನ ಕೋಣೆಯಿಂದ ಶಿವಕ್ಕನ ದನಿ ಬಂತು: "ಏನಾಗಿತ್ತೋ ತಮ್ಮಾ?"

ಶರಣಬಸವ ಅಮೃತಪ್ಪನ ಮುಖ ನೋಡಿದ. ಆಮೇಲೆ ದನಿ ಎತ್ತಿ ಹೇಳಿದ, "ಪಂಪಿನಾಗ ಗಾಳಿ ಸಿಕ್ಕೊಂಡಿತ್ರಿ ಯಕ್ಕಾ. ಯಾರ ತಪ್ಪೂ ಅಲ್ರಿ. ಪಂಪು ಹಾಕೋ ನಮ್ಮಂಥವ್ರ ಕೆಲಸಾನೇ ಇಷ್ಟು."

ಹಳೆಯ ಥರ್ಮೋಸ್ಟಾಟನ್ನು ಬಿಚ್ಚಿ, ತಂತಿಯಿಲ್ಲದ ಹೊಸದೊಂದನ್ನು ತಂದು ಶಿವಕ್ಕನ ತಲೆದೆಸೆಯಲ್ಲಿಟ್ಟ. ಅದರಲ್ಲಿ ಮೂಡಿದ ಅಂಕಿ ಹದಿನಾಲ್ಕು. ಮರುಗಳಿಗೆ ಪಂಪು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಮಂಚದ ಪಕ್ಕದ ರೇಡಿಯೇಟರು ಕೈಗೆ ಹಿತವಾಯಿತು.

"ದೀಪಾ?" ಅಮೃತಪ್ಪ ಬಾಗಿಲಲ್ಲಿ ಪಿಸುಗುಟ್ಟಿದ.

"ಇರಲಿ ಬಿಡ್ರಿ. ಇನ್ನ ಅದರ ಬಿಸಿಗೆ ಇಲ್ಲಿ ಯಾರೂ ಮೋಸ ಹೋಗಂಗಿಲ್ಲ."

ಸಂಜೆ ಶಿವಕ್ಕ ಕಂಬಳಿಯ ಹೊರಗೆ ಪಾದ ಚಾಚಿ ಹೇಳಿದಳು, "ನೋಡ್ರಿ, ನೀವು ದೀಪಾ ಹಚ್ಚಿದ್ದು ಖಾಲಿ ಹೋಗಲಿಲ್ಲ. ಎಂಥಾ ಮನಷ್ಯಾನ್ನ ಕಳಿಸ್ತು." ಅಮೃತಪ್ಪ ಹೂಂ ಎಂದ.

ಒಂಬತ್ತು ದಿನ ಬೆಚ್ಚಗಿದ್ದಳು. ಹತ್ತನೇ ದಿನ ಹೋದಳು.

ಶರಣಬಸವ ಈಗಲೂ ಜೋಳದ ಹಿಟ್ಟಿಗೆ ಅಂಗಡಿಗೆ ಬರುತ್ತಾನೆ. ಹಿಟ್ಟಿನಲ್ಲಿ ಹುಳ ಇದೆಯೆಂದು ಕಾಡುತ್ತಾನೆ, ದೀಪದ ಸುದ್ದಿ ಎತ್ತುವುದಿಲ್ಲ. ಕೌಂಟರಿನ ಹಿಂದೆ ಅಮೃತಪ್ಪ ಹತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಎಣಿಸುತ್ತಾನೆ, ಒಂದೂ ಕಡಿಮೆಯಾಗುವುದಿಲ್ಲ. ತನ್ನನ್ನು ಚಳಿಗೆ ಕೆಡವಿದವನು ಗಂಡನೇ ಎಂದು ಶಿವಕ್ಕ ತಿಳಿಯದೆ ಹೋದಳು. ಅಷ್ಟಾದದ್ದು ಶರಣಬಸವನ ಒಂದು ಸುಳ್ಳಿನಿಂದ. ಅದು ಅಮೃತಪ್ಪನ ಮೇಲಿರುವ ಅವನ ಋಣ.