ಬೀಗದ ಮಾವ

ಹಾರಿಹೋಗದಂತೆ ಸರಪಳಿ ಬಿಗಿದ ನಿಷೇಧಿತ ಪುಸ್ತಕಗಳಿಗೆ ನಮ್ಮ ಗ್ರಂಥಾಲಯದಲ್ಲಿ ಕಾವಲು ಕೂತಿರುವವನು ಬೀಗದ ಮಾವ. ಪುಸ್ತಕ ಕೊಡಕೂಡದು, ಆದರೆ ಕೊಡದಿರುವುದಕ್ಕೆ ಕಾರಣ ಹೇಳಲೇಬೇಕು ಎಂದು ಅರಮನೆಯ ಕಟ್ಟಪ್ಪಣೆ. ಮಾವ ಅಪ್ಪಣೆಯ ಗೆರೆ ದಾಟುವವನಲ್ಲ. ಕೇಳಿದವರನ್ನು ಕೂರಿಸಿ, "ಬೇಡಮ್ಮ, ಇದನ್ನ ಓದಿದ್ರೆ ಕೆಟ್ಟೋಗ್ತೀಯ. ಯಾಕಂದ್ರೆ ಇದ್ರಲ್ಲಿ ಒಬ್ಬ ಹುಡುಗಿ ರಾಜನ ಕಿರೀಟ ಕದ್ದು..." ಎಂದು ಶುರುಮಾಡಿದನೆಂದರೆ, ಕಾರಣ ಮುಗಿಯುವಷ್ಟರಲ್ಲಿ ಕಥೆಯೂ ಮುಗಿದಿರುತ್ತದೆ; ರಾಕ್ಷಸನ ಗೊರಕೆಯನ್ನೂ ಬಿಡುವುದಿಲ್ಲ. ಗಂಟಲು ಒಣಗಿದರೆ, "ಮುಂದಿನದು ಇನ್ನೂ ಕೆಟ್ಟದ್ದು, ನಾಳೆ ತಪ್ಪದೆ ಬಾ" ಎನ್ನುತ್ತಾನೆ. ತನಿಖೆಗೆ ಬಂದ ಅಧಿಕಾರಿಯೂ "ಆಮೇಲೇನಾಯ್ತು?" ಎನ್ನುತ್ತ ಊರಲ್ಲೇ ಉಳಿದುಬಿಟ್ಟ. ಕೆಳಗಿನ ಸಾಲಿನ ತೆಳ್ಳನೆಯ ಪುಸ್ತಕ ಕೇಳಿದರೆ ಮಾತ್ರ ಮಾವ ಧೂಳಿಲ್ಲದ ಅದರ ಬೆನ್ನನ್ನು ಮತ್ತೆ ಒರೆಸುತ್ತಾನೆ. "ಇದರ ಕಥೆ ನಾನು ಹೇಳಲ್ಲ. ಬರೆದೋಳು ನನ್ನ ತಂಗಿ. ಜೈಲಿಂದ ಬಂದು ಅವಳೇ ಹೇಳ್ಲಿ."